ಅಡಿಕೆ ಚಪ್ಪರದಿಂದ ಕಥಾಸಂಕಲನದವರೆಗೆ: ಹೆದರಿಸುವ ಕಥೆ ಬರೆಯೋದು ಹೇಗೆ

ಅಡಿಕೆ ಸುಲಿಯುವ ರಾತ್ರಿಗಳಿಂದ ಶುರು ಮಾಡಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮೆಟ್ಟುಗತ್ತಿ ಮುಂದೆ ಕೂತವರು ನಿದ್ದೆ ತಡೆಯೋಕೆ ಅಂತ ಒಬ್ಬರಾದ ಮೇಲೆ ಒಬ್ಬರು ಚೌಡಿ, ಭೂತಪ್ಪ, ಕೊಳ್ಳಿದೆವ್ವದ ಕಥೆ ಹೇಳುತ್ತಾರಲ್ಲ, ನನ್ನ ಬರವಣಿಗೆಯ ಬೇರು ಅಲ್ಲೇ ಇರೋದು. ಮೊಬೈಲ್ ಮುಂದಿಟ್ಟು ರೆಕಾರ್ಡ್ ಮಾಡಬೇಡಿ, ಮಾತು ಬಿಗಿಯಾಗುತ್ತೆ. ಸುಮ್ನೆ ನೀವೂ ನಾಲ್ಕು ಅಡಿಕೆ ಸುಲಿಯುತ್ತಾ ಕೇಳಿ, ಮನೆಗೆ ಬಂದು ಅದೇ ರಾತ್ರಿ ಬರೆದಿಡಿ. ಎಲ್ಲಿ ದನಿ ತಗ್ಗಿತು, ಯಾರನ್ನು ಹೆಸರು ಹೇಳದೆ 'ಅದು' ಅಂದರು, ಎಲ್ಲಿ ಎಲ್ಲರ ಕೈಯೂ ನಿಂತಿತು, ಇಷ್ಟು ಸಾಕು.

ಆಮೇಲೆ ಜಾಗ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಅಂಥ ಮಳೆಯಲ್ಲಿ ಹೆಜ್ಜೆ ಸಪ್ಪಳ ಕೇಳುತ್ತಾ? ಹಾಗಾಗಿ ಮಳೆಗಾಲದ ಕಥೆಯಲ್ಲಿ ಭಯ ವಾಸನೆಯಲ್ಲೋ ಬೆಳಕಲ್ಲೋ ಬರಬೇಕು. ಘಟ್ಟದ ಕಾಡಲ್ಲಿ ಕೊಳೆತ ಮರದ ಮೇಲೆ ಒಂದು ಜಾತಿಯ ಶಿಲೀಂಧ್ರ ರಾತ್ರಿ ಹಸಿರಾಗಿ ಹೊಳೆಯುತ್ತದೆ. ಕಾರಣ ಗೊತ್ತಿದ್ದರೂ ಒಬ್ಬರೇ ನೋಡಿದಾಗ ಕಾಲು ಮುಂದೆ ಹೋಗಲ್ಲ.

ಇನ್ನು ಮುಖ್ಯವಾದದ್ದು. ರಾತ್ರಿ ಹೊರಗಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೂರು ಸಲ ಕರೆಯುವವರೆಗೆ ಓಗೊಡಬೇಡ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಅದನ್ನೇ ಕಥೆ ಮಾಡಹೊರಟು ಮೊದಲು ಬರೆದದ್ದು, 'ಆ ಭಯಾನಕ ದನಿಗೆ ಅವಳ ಎದೆ ಝಲ್ಲೆಂದಿತು' ಅಂತ. ಓದಿದವರು ಯಾರೂ ಹೆದರಲಿಲ್ಲ. ಎಷ್ಟೋ ಸಲ ತಿದ್ದಿದ ಮೇಲೆ ಹೀಗಾಯಿತು: 'ಕೊಟ್ಟಿಗೆ ಕಡೆಯಿಂದ ಯಾರೋ ಅಜ್ಜಿಯನ್ನು ಪುಟ್ಟಿ ಅಂತ ಕರೆದರು. ಹಾಗೆ ಕರೆಯುತ್ತಿದ್ದವನು ಅಜ್ಜ ಒಬ್ಬನೇ. ಅಜ್ಜಿ ಒಂದೇ ಸಲಕ್ಕೆ, ಬಂದೆ, ಅಂದಳು.' ದೆವ್ವವನ್ನು ತೋರಿಸಲೇ ಇಲ್ಲ. ನಿಯಮ ಕಲಿಸಿದವಳೇ ಅದನ್ನು ಮುರಿದಳು, ಅದೂ ಆಸೆಯಿಂದ. ನಿಮ್ಮ ಕಥೆಯಲ್ಲೂ ಭಯದ ಹಿಂದೆ ಯಾರದ್ದೋ ಆಸೆಯೋ ಸಂಕಟವೋ ಇದೆಯಾ ನೋಡಿ.

ಲಿಂಗನಮಕ್ಕಿಯ ಬಗ್ಗೆ ಬರೆಯುವವರು ಜಾಸ್ತಿ. 1964ರಲ್ಲಿ ಕಟ್ಟಿದ ಆ ಅಣೆಕಟ್ಟಿನ ಹಿನ್ನೀರಲ್ಲಿ ಊರುಗಳೇ ಮುಳುಗಿದವು, ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಕಾಣುತ್ತದೆ. ಬರೆಯಿರಿ, ಆದರೆ ಮನೆ ಕಳೆದುಕೊಂಡವರ ಹತ್ತಿರ ಮೊದಲು ಕೂತು ಮಾತಾಡಿ. ಮುಳುಗುವ ಮನೆಗೆ ಬೀಗ ಹಾಕಿದಿರಾ ಅಂತ ಕೇಳಿ.

ಒಂದೊಂದು ಕಥೆ ಮುಗಿದಂತೆ ಮಯೂರ, ತುಷಾರ, ಸುಧಾಕ್ಕೆ ಕಳಿಸುತ್ತಾ ಬನ್ನಿ. ಹತ್ತು ಹನ್ನೆರಡು ಆದಮೇಲೆ ಎಲ್ಲ ಪ್ರಿಂಟ್ ತೆಗೆದು ನೆಲದ ಮೇಲೆ ಹರಡಿ. ಎರಡು ಕಥೆ ಒಂದೇ ಥರ ಮುಗಿಯುತ್ತಿದ್ದರೆ ಒಂದನ್ನು ತೆಗೆಯಿರಿ. ನಾನು ಮೂರು ಚೌಡಿ ಕಥೆ ಬಿಟ್ಟೆ, ಹೊಟ್ಟೆ ಉರಿಯಿತು, ಆದರೂ ಬಿಟ್ಟೆ. ಹೊಸಬರ ಕಥೆಗಳ ಹಸ್ತಪ್ರತಿಗೆ ಛಂದ ಪುಸ್ತಕ ಪ್ರಕಾಶನದವರು ಸ್ಪರ್ಧೆ ಮಾಡುತ್ತಾರೆ, ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವೂ ಇದೆ. ಪ್ರಕಟಣೆ ಬಂದಾಗ ನಿಯಮ ಓದಿಕೊಳ್ಳಿ.

ಕಳಿಸುವ ಮುಂಚೆ, ಕರೆಂಟ್ ಹೋದ ಒಂದು ರಾತ್ರಿ ಮನೆಯವರಿಗೆ ಜೋರಾಗಿ ಓದಿ ಹೇಳಿ. ಅಜ್ಜಿಯ ಕಥೆ ಮುಗಿದಾಗ ನಮ್ಮತ್ತಿಗೆ ಏನೂ ಹೇಳಲಿಲ್ಲ. ಎದ್ದು ಹೋಗಿ ಹಿತ್ತಿಲ ಬಾಗಿಲಿನ ಚಿಲಕ ಹಾಕಿ ಬಂದರು. ಆ ಕಥೆಯನ್ನೇ ಪುಸ್ತಕದ ಕೊನೆಗೆ ಇಟ್ಟೆ.