ಸೂಪರ್‌ವೈಸರ್ ಕೆಲಸ ಬಿಟ್ಟು ಡೆಲಿವರಿ ವ್ಯಾನ್ ಹಿಡಿದದ್ದು

ಪಾರ್ಸೆಲ್ ಕಂಪನಿಯೊಂದರ ವಿಂಗಡಣಾ ಕೇಂದ್ರದಲ್ಲಿ ನಾನು ಮೂರು ವರ್ಷ ಅರೆಕಾಲಿಕ ಸೂಪರ್‌ವೈಸರ್ ಆಗಿದ್ದೆ. ನಸುಕಿನ ನಾಲ್ಕಕ್ಕೆ ಶುರುವಾಗಿ ಎಂಟೂವರೆಗೆ ಮುಗಿಯುತ್ತಿದ್ದ ಪಾಳಿಯಲ್ಲಿ, ಬೆಲ್ಟಿನ ಮೇಲೆ ಬರುವ ಪಾರ್ಸೆಲ್‌ಗಳು ಆಯಾ ವ್ಯಾನ್ ಸೇರುವಂತೆ ನೋಡಿಕೊಳ್ಳುವುದು, ಹನ್ನೆರಡು ಮಂದಿ ಲೋಡರ್‌ಗಳ ಹಾಜರಿ ಬರೆಯುವುದು, ಗಂಟೆಗೆ ಎಷ್ಟು ಪಾರ್ಸೆಲ್ ಸಾಗಿತೆಂಬ ಲೆಕ್ಕವನ್ನು ಮೇಲಿನವರಿಗೆ ಒಪ್ಪಿಸುವುದು ನನ್ನ ಕೆಲಸವಾಗಿತ್ತು. ಹುದ್ದೆಯ ಹೆಸರು ದೊಡ್ಡದಾಗಿದ್ದರೂ ಸಂಬಳ ನಾಲ್ಕೂವರೆ ಗಂಟೆಯದಷ್ಟೇ. ಸಂಜೆ ಇನ್ನೊಂದು ಕೆಲಸ ಮಾಡಿ, ಎರಡೂ ಕಡೆ ಅರೆನಿದ್ದೆಯಲ್ಲಿ ದುಡಿದು ಸಾಕಾದ ಮೇಲೆ ಪೂರ್ಣಾವಧಿಯ ಡ್ರೈವರ್ ಹುದ್ದೆಗೆ ಅರ್ಜಿ ಕೊಟ್ಟೆ.

ಅರ್ಜಿ ಕೊಡುವ ಮುಂಚೆ ನಾನು ಮಾಡಿದ ಒಂದೇ ಜಾಣತನದ ಕೆಲಸವೆಂದರೆ ನಿಯಮಗಳನ್ನು ಬರವಣಿಗೆಯಲ್ಲಿ ಕೇಳಿ ಪಡೆದದ್ದು. ನಮ್ಮಲ್ಲಿ ಆಡಳಿತದ ಕಡೆಯಿಂದ ಡ್ರೈವರ್‌ಗಳ ಕಡೆಗೆ ಬಂದವರ ಸೇವಾ ಜ್ಯೇಷ್ಠತೆಯನ್ನು ಮತ್ತೆ ಸೊನ್ನೆಯಿಂದ ಎಣಿಸುತ್ತಾರೆ. ಅಂದರೆ ನನಗಿಂತ ಎರಡು ವರ್ಷ ತಡವಾಗಿ ಸೇರಿದ ಹುಡುಗನೂ ರೂಟ್ ಮತ್ತು ರಜೆಯ ಆಯ್ಕೆಯಲ್ಲಿ ನನಗಿಂತ ಮುಂದಿರುತ್ತಾನೆ. ಪ್ರೊಬೇಷನ್ ಅವಧಿಯಲ್ಲಿ ನಾನು ತೇರ್ಗಡೆಯಾಗದಿದ್ದರೆ ಹಳೆಯ ಹುದ್ದೆ ಮರಳಿ ಸಿಕ್ಕೇ ಸಿಗುತ್ತದೆಂಬ ಭರವಸೆಯೂ ಇರಲಿಲ್ಲ. ಇದನ್ನೆಲ್ಲ ಓದಿ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಸಹಿ ಹಾಕಿದೆ. ವೈದ್ಯಕೀಯ ತಪಾಸಣೆ, ಕಣ್ಣಿನ ಪರೀಕ್ಷೆ ಮತ್ತು ರಸ್ತೆಯ ಮೇಲಿನ ಪರೀಕ್ಷೆ ಒಂದೇ ವಾರದಲ್ಲಿ ಮುಗಿದವು.

ತರಬೇತಿಯಲ್ಲಿ ನನ್ನನ್ನು ಕಾಡಿದ್ದು ರಿವರ್ಸ್. ಸ್ವಂತ ಕಾರಿನಲ್ಲಿ ಒಳಗಿನ ಕನ್ನಡಿಗೆ ಒಗ್ಗಿದ್ದ ಕಣ್ಣಿಗೆ, ಹಿಂಬದಿಯ ಕಿಟಕಿಯೇ ಇಲ್ಲದ ವ್ಯಾನಿನಲ್ಲಿ ಏನೂ ತೋಚುತ್ತಿರಲಿಲ್ಲ. ನಾಲ್ಕನೆಯ ದಿನ ಕಿರಿದಾದ ಓಣಿಯೊಂದರಲ್ಲಿ ಹಿಂದೆ ಸರಿಯುವಾಗ ಗೇಟಿನ ಕಂಬಕ್ಕೆ ಬಂಪರ್ ತಾಗಿಸಿದೆ. ತಪ್ಪು ಪೂರ್ತಿ ನನ್ನದೇ, ಇಳಿದು ನೋಡದ ಸೋಮಾರಿತನ. ಅಂದಿನಿಂದ ಎರಡು ಅಭ್ಯಾಸ ಹಿಡಿದೆ: ಸಾಧ್ಯವಿದ್ದಷ್ಟೂ ರಿವರ್ಸ್ ಬೇಡದಂತೆ ನಿಲ್ಲಿಸುವುದು, ಅನಿವಾರ್ಯವಾದರೆ ಮೊದಲು ಇಳಿದು ಹಿಂದೆ ನಡೆದು ನೋಡಿ ಬರುವುದು. ಗಂಟೆಗೆ 40 ಕಿ.ಮೀ. ವೇಗದಲ್ಲಿ ವ್ಯಾನ್ ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆಂದು ತರಬೇತುದಾರರು ಹೇಳಿಕೊಟ್ಟ ಮೇಲೆ, ಚಲಿಸುವಾಗ ಸ್ಕ್ಯಾನರ್ ಕಡೆ ಕಣ್ಣು ಹಾಯಿಸುವುದನ್ನೂ ಬಿಟ್ಟೆ.

ಆದರೆ ನಿಜವಾದ ಪಾಠ ಕಾದಿದ್ದು ವ್ಯಾನಿನ ಒಳಗಿನ ಶೆಲ್ಫ್‌ಗಳಲ್ಲಿ. ಯಾವ ಪಾರ್ಸೆಲ್ ಯಾವ ಶೆಲ್ಫಿನಲ್ಲಿ, ಎಷ್ಟನೆಯ ಜಾಗದಲ್ಲಿ ಕೂರಬೇಕೆಂಬ ಅಂಕಿ ಲೇಬಲ್ಲಿನ ಮೇಲೆಯೇ ಇರುತ್ತದೆ. ಮೊದಲು ಇಳಿಯುವುದು ಮೊದಲು ಕೈಗೆ ಸಿಗಬೇಕು. ಇದನ್ನು ನಾನೇ ಲೋಡರ್‌ಗಳಿಗೆ ನೂರು ಸಲ ಹೇಳಿದ್ದೆ, ಮರುಕ್ಷಣವೇ ಬೆಲ್ಟ್ ತುಂಬಿತೆಂದು ಬೇಗ ಬೇಗ ಒಳಗೆ ತಳ್ಳಿರೆಂದೂ ಕೂಗಿದ್ದೆ. ಒಬ್ಬನೇ ಹೊರಟ ಮೊದಲ ದಿನ ಹದಿನಾಲ್ಕನೆಯ ಮನೆಯ ಮುಂದೆ ನಿಂತು, ಮೂರು ಶೆಲ್ಫ್ ತಡಕಿ, ಮಂಡಿಯೂರಿ ಕೆಳಗಿನ ದೊಡ್ಡ ಪೆಟ್ಟಿಗೆಗಳನ್ನು ಸರಿಸಿದಾಗ, ಅಂಗೈಯಗಲದ ಆ ಪೊಟ್ಟಣ ಲೇಬಲ್ಲನ್ನು ಗೋಡೆಗೆ ತಿರುಗಿಸಿಕೊಂಡು ತೊಂಬತ್ತನೆಯ ಮನೆಯ ಸಾಮಾನಿನ ಹಿಂದೆ ಕುಳಿತಿತ್ತು. ಆರು ನಿಮಿಷ ಹೋಯಿತು. ದಿನಕ್ಕೆ 140 ಕಡೆ ನಿಲ್ಲುವವನು ಪ್ರತಿ ಕಡೆಯಲ್ಲೂ ಬರೀ ಅರ್ಧ ನಿಮಿಷ ಹುಡುಕಿದರೂ 70 ನಿಮಿಷ ಹುಡುಕಾಟಕ್ಕೇ ಸಲ್ಲುತ್ತದೆ. ಸೂಪರ್‌ವೈಸರ್ ಆಗಿದ್ದಾಗ ನಾನು ಬೆಳಿಗ್ಗೆ ಉಳಿಸಿ ಬೆನ್ನು ತಟ್ಟಿಸಿಕೊಂಡ ಹತ್ತು ನಿಮಿಷಗಳನ್ನು ಸಂಜೆ ಯಾವನೋ ಡ್ರೈವರ್ ಕತ್ತಲಲ್ಲಿ ತೀರಿಸುತ್ತಿದ್ದನೆಂದು ಅಂದು ತಿಳಿಯಿತು. ಗಂಟೆಗಿಷ್ಟು ಎಂಬ ನಮ್ಮ ಲೆಕ್ಕದ ಹಾಳೆಯಲ್ಲಿ ಅದಕ್ಕೊಂದು ಕಲಮೇ ಇರಲಿಲ್ಲ.

ಆದ್ದರಿಂದ ಹೊರಡುವ ಮೊದಲು ಹತ್ತು ನಿಮಿಷ ಒಳಗೆ ನಿಂತು ಮೊದಲ ಎರಡು ಶೆಲ್ಫ್‌ಗಳನ್ನು ಮಾತ್ರ ಸರಿಪಡಿಸಿಕೊಳ್ಳುವ ರೂಢಿ ಮಾಡಿಕೊಂಡೆ. ಇಡೀ ವ್ಯಾನನ್ನು ಜೋಡಿಸಲು ಹೋದರೆ ಹೊರಡುವುದೇ ತಡವಾಗುತ್ತದೆ. ಉಳಿದದ್ದನ್ನು ಮಧ್ಯಾಹ್ನ ಊಟದ ಬಿಡುವಿಗೆ ಮುಂಚೆ, ಅರ್ಧ ಖಾಲಿಯಾದಾಗ ನೋಡಿಕೊಂಡರೆ ಸಾಕು. ಒಂದು ಕಡೆ ತಲುಪಿಸಿ ಬಂದಾಗಲೇ ಮುಂದಿನದನ್ನು ತೆಗೆದಿಟ್ಟುಕೊಳ್ಳುವ ಉಪಾಯವನ್ನು ಹಿರಿಯ ಡ್ರೈವರೊಬ್ಬರು ಹೇಳಿಕೊಟ್ಟರು. ಹಿಂದೊಮ್ಮೆ ತಡವಾಗಿ ಬಂದಿದ್ದಕ್ಕೆ ನಾನು ಅವರ ಮೇಲೆ ದೂರು ಬರೆದಿದ್ದೆ. ಅದು ಅವರಿಗೆ ಚೆನ್ನಾಗಿಯೇ ನೆನಪಿತ್ತು. "ಈಗ ನಿಮಗೂ ಗೊತ್ತಾಯಿತಲ್ಲ ಬಿಡಿ" ಎಂದಷ್ಟೇ ನಕ್ಕರು.

ಇತರರು ಅಷ್ಟು ಬೇಗ ಹತ್ತಿರ ಸೇರಿಸಲಿಲ್ಲ. ನಾನು ಬಂದರೆ ಮಾತು ನಿಲ್ಲುತ್ತಿತ್ತು, ಆಡಳಿತದ ಕಿವಿ ಎಂಬ ಅನುಮಾನ ಅವರಿಗಿತ್ತು. ಇದಕ್ಕೆ ನನ್ನ ಬಳಿ ಮದ್ದಿರಲಿಲ್ಲ. ಹಳೆಯ ಸಹೋದ್ಯೋಗಿಗಳ ಕೋಣೆಗೆ ಚಹಾ ಕುಡಿಯಲು ಹೋಗುವುದನ್ನು ನಿಲ್ಲಿಸಿ, ನನ್ನ ಪಾಡಿಗೆ ಕೆಲಸ ಮಾಡುತ್ತಾ ಬಂದೆ.

ಪ್ರೊಬೇಷನ್ ಮುಗಿಯುವ ಹೊತ್ತಿಗೆ ನಾಲ್ಕು ಕಿಲೋ ತೂಕ ಇಳಿದಿತ್ತು, ಎಡ ಮಂಡಿ ನೋಯುತ್ತಿತ್ತು. ವ್ಯಾನಿನಿಂದ ಹಾರುವ ಬದಲು ಹಿಡಿಕೆ ಹಿಡಿದು ಮೆಟ್ಟಿಲ ಮೇಲೆ ಕಾಲಿಟ್ಟೇ ಇಳಿಯತೊಡಗಿದ ಮೇಲೆ ನೋವು ಅರ್ಧ ಕಡಿಮೆಯಾಗಿದೆ. ನನ್ನ ಜಾಗಕ್ಕೆ ಬಂದಿರುವ ಹೊಸ ಸೂಪರ್‌ವೈಸರ್‌ಗೆ ಲೇಬಲ್ ಹೊರಮುಖವಾಗಿರಲಿ ಎಂದು ಪ್ರತಿದಿನ ಹೇಳುತ್ತೇನೆ. ಆಯಿತು ಎನ್ನುತ್ತಾನೆ, ಅಷ್ಟರಲ್ಲಿ ಬೆಲ್ಟ್ ತುಂಬುತ್ತದೆ.