ಗ್ವೆನ್ ವೆರ್ಡನ್ ಡ್ಯಾನ್ಸನ್ನು ನೋಡುವುದು ಹೇಗೆ, ಒಂಚೂರು ಮಾಡುವುದು ಹೇಗೆ

ಹದಿನೆಂಟು ವರ್ಷದಿಂದ ಮನೆ ಮಹಡಿಯಲ್ಲಿ ಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತಿದ್ದೇನೆ. ಬ್ರಾಡ್‌ವೇ (ನ್ಯೂಯಾರ್ಕಿನ ಹಾಡು-ಕುಣಿತದ ನಾಟಕಗಳು) ಅಂದರೆ ಸಾಲಾಗಿ ನಿಂತು ಕಾಲು ಎಸೆಯುವುದು, ಅಷ್ಟೇ ಅಂದುಕೊಂಡಿದ್ದೆ. 1958ರ ‘ಡ್ಯಾಮ್ ಯಾಂಕೀಸ್’ ಸಿನಿಮಾದಲ್ಲಿ ಅಲ್ಲಿನ ನರ್ತಕಿ ಗ್ವೆನ್ ವೆರ್ಡನ್ ಅವರನ್ನು ನೋಡಿದ ಮೇಲೆ ಬಾಯಿ ಮುಚ್ಚಿಕೊಂಡೆ.

ನೀವೂ ಅಲ್ಲಿಂದಲೇ ಶುರು ಮಾಡಿ. ಅದರಲ್ಲಿ ನೃತ್ಯ ನಿರ್ದೇಶಕ ಬಾಬ್ ಫಾಸಿ ಜೊತೆ ಆಕೆ ಮಾಡುವ ಒಂದು ಮ್ಯಾಂಬೊ (ಕ್ಯೂಬಾ ಮೂಲದ ಕುಣಿತ) ಇದೆ. ಫೋನಿನ ಸದ್ದು ನಿಲ್ಲಿಸಿ, ವೇಗ ಅರ್ಧಕ್ಕೆ ಇಳಿಸಿ. ಮೊದಲ ಸಲ ಭುಜ ಮಾತ್ರ ನೋಡಿ. ಆಮೇಲೆ ಸೊಂಟ. ಆಮೇಲೆ ಮಣಿಕಟ್ಟು. ಒಂದು ಅಲುಗುವಾಗ ಮಿಕ್ಕಿದ್ದು ಸುಮ್ನೆ ಇರುತ್ತದೆ, ನೋಡಬೇಕಾದ್ದು ಅದನ್ನೇ.

ಭರತನಾಟ್ಯ ಕಲಿತವರಿಗೆ ಇದು ಎಲ್ಲೋ ನೋಡಿದ ಹಾಗೆ ಅನ್ನಿಸುತ್ತದೆ. ಕಾರಣವಿದೆ. ಗ್ವೆನ್ ಪಳಗಿದ್ದು ಅಮೆರಿಕದ ನೃತ್ಯ ನಿರ್ದೇಶಕ ಜ್ಯಾಕ್ ಕೋಲ್ ಕೈಕೆಳಗೆ, ಅವರ ಸಹಾಯಕಿಯಾಗಿ. ಕೋಲ್ ನಮ್ಮ ಭರತನಾಟ್ಯದ ಪಾಠ ಕಲಿತು ಅದನ್ನು ಜಾಜ್ ಸಂಗೀತಕ್ಕೆ ಕೂರಿಸಿದವರು.

ಈಗ ಬೀರುವಿನ ಕನ್ನಡಿ ಮುಂದೆ ನಿಲ್ಲಿ. ಪೂರ್ತಿ ಅರೆಮಂಡಿ (ಮಂಡಿ ಹೊರಕ್ಕೆ ಬಾಗಿಸಿ ಅರ್ಧ ಕೂರುವ ನಿಲುವು) ಬೇಡ, ಅದರಲ್ಲಿ ಅರ್ಧ ಸಾಕು. ಎರಡೂ ಭುಜದ ಮೇಲೆ ಮಡಿಸಿದ ಕರವಸ್ತ್ರ ಇಡಿ. ತಟ್ಟಡವಿನ (ಪಾದ ತಟ್ಟುವ ಮೊದಲ ಪಾಠ) ಒಂದನೇ ಕಾಲದಲ್ಲಿ, ಅಂದರೆ ನಿಧಾನವಾಗಿ, ಎಂಟು ಎಣಿಸುತ್ತಾ ಸೊಂಟವನ್ನಷ್ಟೇ ಬಲಕ್ಕೆ ತನ್ನಿ, ಮತ್ತೆ ನಡುವಿಗೆ, ಎಡಕ್ಕೆ. ಕರವಸ್ತ್ರ ಬಿತ್ತೋ, ಭುಜ ಕಳ್ಳಾಟ ಆಡಿದೆ ಎಂದೇ ಅರ್ಥ. ನನ್ನದು ಮೂರನೇ ಎಣಿಕೆಗೇ ಬಿತ್ತು. (ಸೊಂಟ ಕುಣಿಸಬೇಡ ಎಂದು ಮಕ್ಕಳಿಗೆ ದಿನಾ ಬೈಯುವವಳು ನಾನೇ. ಅದಕ್ಕೆ ಬಾಗಿಲು ಹಾಕಿಕೊಂಡು ಮಾಡಿದೆ.) ವಾರ ಕಳೆದ ಮೇಲೆ ಕತ್ತು ಸೇರಿಸಿ, ಕತ್ತನ್ನು ಅಕ್ಕಪಕ್ಕ ಜಾರಿಸುವ ನಮ್ಮ ‘ಸುಂದರಿ’ಯೇ ಸಾಕು. ಮಂಡಿ ನೋವು ಬಂದರೆ ಅವತ್ತಿಗೆ ನಿಲ್ಲಿಸಿ.

ಹೋದ ವರ್ಷ ಒಬ್ಬ ತಾಯಿ ಮಗಳನ್ನು ಕರೆತಂದು, "ಮಿಸ್, ಇವಳ ಕಾಲು ಸ್ವಲ್ಪ ಸೊಟ್ಟ. ಡ್ಯಾನ್ಸ್ ಬರುತ್ತಾ?" ಅಂದರು. ಗ್ವೆನ್ ಕಥೆ ಹೇಳಿದೆ. 1925ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಮಗು, ರಿಕೆಟ್ಸ್ ಎಂಬ ಮೂಳೆ ಮೆತ್ತಗಾಗುವ ಕಾಯಿಲೆಯಿಂದ ಕಾಲು ಬಾಗಿತ್ತು. ಹಾಕಿಕೊಳ್ಳಲು ದಪ್ಪ ಬೂಟು. ತಾಯಿ ತಾವೇ ಡ್ಯಾನ್ಸರ್, ಕಾಲು ಗಟ್ಟಿಯಾಗಲಿ ಎಂದು ಮಗಳನ್ನು ಡ್ಯಾನ್ಸಿಗೆ ಹಾಕಿದರು. 1953ರಲ್ಲಿ ‘ಕ್ಯಾನ್-ಕ್ಯಾನ್’ ನಾಟಕದ ಮೊದಲ ದಿನ ಚಪ್ಪಾಳೆ ನಿಲ್ಲಲೇ ಇಲ್ಲ. ಬಟ್ಟೆ ಬದಲಿಸಲು ಹೋದವಳನ್ನು ಮತ್ತೆ ಸ್ಟೇಜಿಗೆ ಕರೆತರಬೇಕಾಯಿತು. ಮುಂದೆ ನಾಲ್ಕು ಟೋನಿ, ಅಂದರೆ ಬ್ರಾಡ್‌ವೇಯ ದೊಡ್ಡ ಪ್ರಶಸ್ತಿ. 1975ರಲ್ಲಿ ‘ಶಿಕಾಗೋ’ದ ನಾಯಕಿ ರಾಕ್ಸಿ ಹಾರ್ಟ್ ಆದಾಗ ವಯಸ್ಸು ಐವತ್ತು.

ಆ ಹುಡುಗಿ ಈಗ ತಟ್ಟಡವಿನ ಮುಂದಿನ ಪಾಠವಾದ ನಾಟಡವಿಗೆ ಬಂದಿದ್ದಾಳೆ. ಮೊನ್ನೆ ಮ್ಯಾಂಬೊ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದಳು. "ಮಿಸ್, ಇವ್ರು ಅರೆಮಂಡಿ ಪೂರ್ತಿ ಕೂತೇ ಇಲ್ಲ, ಅಲ್ವಾ? ನಮಗ್ಯಾಕೆ ಬೈತೀರಾ?"