ಮನಸ್ಸು ಓದುವ ಎಪಿಸೋಡ್ ಬರೆಯುವುದು ಹೇಗೆ?

ನಾಯಕನಿಗೆ ಮನಸ್ಸು ಓದುವ ಶಕ್ತಿ ಎಲ್ಲಿಂದ ಬಂತು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ‘ದಿ ಟ್ವೈಲೈಟ್ ಝೋನ್’ ಎಂಬ ಅಮೆರಿಕದ ಟಿವಿ ಸರಣಿಯಲ್ಲಿ 1961ರಲ್ಲಿ ಬಂದ ‘ಎ ಪೆನ್ನಿ ಫಾರ್ ಯುವರ್ ಥಾಟ್ಸ್’ ಎಪಿಸೋಡ್ ನೋಡಿ. ಬ್ಯಾಂಕ್ ನೌಕರನೊಬ್ಬ ಪೇಪರ್ ಕೊಳ್ಳಲು ಎಸೆದ ನಾಣ್ಯ ಅಂಚಿನ ಮೇಲೆ ನೆಟ್ಟಗೆ ನಿಲ್ಲುತ್ತದೆ, ಅಷ್ಟೇ, ಅವನಿಗೆ ಎಲ್ಲರ ಯೋಚನೆಯೂ ಕೇಳಿಸಲು ಶುರುವಾಗುತ್ತದೆ. ಲ್ಯಾಬೂ ಇಲ್ಲ, ಸಿಡಿಲೂ ಇಲ್ಲ.

ಈಗ ಅಸಲಿ ಕೆಲಸ. ಯೋಚನೆ ಬೇರೆ, ಉದ್ದೇಶ ಬೇರೆ. ಅದೇ ಕಥೆಯಲ್ಲಿ ಹಳೇ ನೌಕರನೊಬ್ಬ ದುಡ್ಡು ಕದಿಯುವ ಲೆಕ್ಕ ಹಾಕುತ್ತಿರುವುದು ಇವನಿಗೆ ಕೇಳಿಸುತ್ತದೆ, ಗಾಬರಿಯಾಗಿ ದೂರು ಕೊಡುತ್ತಾನೆ, ನೋಡಿದರೆ ಆ ಮನುಷ್ಯ ವರ್ಷಗಟ್ಟಲೆ ಸುಮ್ನೆ ಹಗಲುಗನಸು ಕಾಣುತ್ತಿದ್ದನಂತೆ! ನಿಮ್ಮ ಕಥೆಗೂ ಇಂಥದ್ದೊಂದು ಎಡವಟ್ಟು ಬೇಕೇ ಬೇಕು.

ಯೋಚನೆಗಳನ್ನು ಪೂರ್ತಿ ವಾಕ್ಯದಲ್ಲಿ ಬರೆಯಬೇಡಿ. ಬಾಯಲ್ಲಿ “ನಿಮ್ಮನ್ನ ನೋಡಿ ಖುಷಿಯಾಯ್ತು.” ಒಳಗೆ, “ಹೆಸರೇನಪ್ಪಾ ಇವಂದು... ರಾ... ರವಿ? ಗ್ಯಾಸ್ ಆಫ್ ಮಾಡಿದ್ನಾ?” ಮನಸ್ಸು ಓಡುವುದೇ ಹೀಗೆ, ಅಲ್ವಾ?

ಶೂಟಿಂಗ್‌ನಲ್ಲಿ ತುಟಿ ಮುಚ್ಚಿದ ಮುಖದ ಮೇಲೆ ದನಿ ಕೇಳಿಸಿದರೆ ಸಾಕು, ಎಕೋ ಗೀಕೋ ಬೇಡ. ನಾಯಕ ಒಮ್ಮೆಯಾದರೂ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟು ಸಿಕ್ಕಿಬೀಳಲಿ. ಇನ್ನು ಶಕ್ತಿ ಹೋಗುವುದು ಬಂದಷ್ಟೇ ಸಲೀಸಾಗಿರಲಿ.